ಕಾವಲು ಕಾಯುವ ಮೀನು: ಎಂಟನೇ ತರಗತಿಗೆ ಒಂದು ಪಾಠ ಮತ್ತು ಅದರ ಹಿನ್ನೆಲೆ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ
ಉಪಘಟಕ: ಬಾಹ್ಯ ನಿಷೇಚನ ಮತ್ತು ಮರಿಗಳ ಪಾಲನೆ
ಅವಧಿ: 40 ನಿಮಿಷಗಳ ಎರಡು ತರಗತಿ
ಬೋಧನೋಪಕರಣಗಳು: ಮನೆಯ ಅಕ್ವೇರಿಯಂನ ದಿನವಾರು ಫೋಟೋಗಳು, ಚೌಕುಳಿ ಗೆರೆ ಎಳೆದ ಪಾರದರ್ಶಕ ಹಾಳೆ, 200 ಅಲಸಂದೆ ಕಾಳು, ಶಿವಮೊಗ್ಗ ಜಿಲ್ಲೆಯ ನಕ್ಷೆ

ವಿಷಯದ ಆಯ್ಕೆ

ಬಾಹ್ಯ ನಿಷೇಚನದ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವ ಒಂದು ಉತ್ತರವಿದೆ. ಮೀನು ಮತ್ತು ಕಪ್ಪೆಗಳು ನೂರಾರು ಮೊಟ್ಟೆ ಇಡುತ್ತವೆ, ಏಕೆಂದರೆ ಎಲ್ಲ ಮೊಟ್ಟೆಗಳೂ ನಿಷೇಚನಗೊಂಡು ಬದುಕುವುದಿಲ್ಲ. ಉತ್ತರ ಸರಿಯಾಗಿದೆ, ಪರೀಕ್ಷೆಯಲ್ಲಿ ಪೂರ್ಣ ಅಂಕವೂ ಸಿಗುತ್ತದೆ. ಆದರೆ ‘ಹಾಗಿದ್ದರೆ ಒಂದು ಮೀನು ಲಕ್ಷಗಟ್ಟಲೆ ಮೊಟ್ಟೆ ಇಟ್ಟು, ಇನ್ನೊಂದು ಇನ್ನೂರು ಮಾತ್ರ ಇಡುವುದೇಕೆ?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಮೊಟ್ಟೆಯ ಸಂಖ್ಯೆಗೂ ತಂದೆತಾಯಿಯ ಕಾವಲಿಗೂ ಇರುವ ಸಂಬಂಧವನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಲಿ ಎಂಬುದು ಈ ಪಾಠದ ಉದ್ದೇಶ. ಇದಕ್ಕೆ ನಾನು ಆರಿಸಿಕೊಂಡದ್ದು ಸಾಗರದ ನಮ್ಮ ಮನೆಯಲ್ಲಿ ಸಾಕುತ್ತಿರುವ ‘ರಾಮ್’ ಎಂಬ ಕುಬ್ಜ ಸಿಕ್ಲಿಡ್ ಮೀನಿನ ಜೋಡಿ. ಮೊದಲು ಹೊಸನಗರ ತಾಲ್ಲೂಕಿನ, ನಂತರ ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದೆ.

ಮೀನನ್ನು ತರಗತಿಗೆ ಒಯ್ಯಲಿಲ್ಲ. ಮೊಟ್ಟೆ ಕಾಯುತ್ತಿರುವ ಜೋಡಿಯನ್ನು ಬಸ್ಸಿನಲ್ಲಿ ಕೊಂಡೊಯ್ದರೆ ಮೊಟ್ಟೆಯೂ ಉಳಿಯದು, ಕಾವಲೂ ನಿಲ್ಲುತ್ತದೆ. ದಿನಕ್ಕೆ ಎರಡು ಬಾರಿ ಒಂದೇ ಕೋನದಿಂದ ತೆಗೆದ ಫೋಟೋಗಳು ಸಾಕಾದವು.

ಪೂರ್ವಜ್ಞಾನ ಪರೀಕ್ಷೆ

ನಮ್ಮ ಭಾಗದ ಮಕ್ಕಳಿಗೆ ಮೀನಿನ ವಿಷಯದಲ್ಲಿ ಶಿಕ್ಷಕರಿಗಿಂತ ಹೆಚ್ಚು ಗೊತ್ತಿರುತ್ತದೆ. ‘ಹತ್ತುಮೀನು ಯಾವಾಗ ಬರುತ್ತವೆ?’ ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನಿನ ಹೊಟ್ಟೆ ತುಂಬ ಮೊಟ್ಟೆಯಿರುತ್ತದೆ ಎಂದು ಅವರೇ ಹೇಳಿದರು. ಅವುಗಳಲ್ಲಿ ಬಹುತೇಕ ಜಾತಿಗಳು ಹೊಸನೀರಿನಲ್ಲಿ ಮೊಟ್ಟೆ ಚೆಲ್ಲಿ ಹಿಂದಿರುಗುತ್ತವೆ.

ಮುಂದಿನ ಪ್ರಶ್ನೆ: ‘ಮರಿಯ ಜೊತೆಗೇ ಇರುವ ಮೀನು ನೋಡಿದ್ದೀರಾ?’ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಕೊರವಿನ ಮರಿ ಕೆರೆ ಮೇಲೆ ಕೆಂಪಗೆ ಗುಂಪಾಗಿ ಇರ್ತವೆ. ಅಡಿಯಲ್ಲಿ ದೊಡ್ಡದು ಇರ್ತದೆ. ಕೈ ಹಾಕಿದ್ರೆ ಕಚ್ಚಕ್ಕೆ ಬರ್ತದೆ” ಎಂದ. ಇಡೀ ಪಾಠದ ಹೊರೆ ಹೊತ್ತದ್ದು ಈ ಉತ್ತರ. ಚೆಲ್ಲಿ ಹೋಗುವ ಮೀನು, ಕಾಯುವ ಮೀನು ಎಂಬ ಎರಡು ಕಾಲಂಗಳನ್ನು ಕಪ್ಪುಹಲಗೆಯ ಮೇಲೆ ಬರೆದುಕೊಂಡೆ. ಕೊರವ ಎರಡನೇ ಕಾಲಂನ ಮೊದಲ ಹೆಸರಾಯಿತು.

ವಿಷಯ ವಿವರಣೆ

ಸಿಕ್ಲಿಡ್ ಎಂಬುದು ಮೀನುಗಳ ಒಂದು ದೊಡ್ಡ ಕುಟುಂಬ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದಲ್ಲಿ ಇವು ಹೆಚ್ಚು. ಮೊಟ್ಟೆ ಮತ್ತು ಮರಿಗಳನ್ನು ಕಾಯುವುದು ಈ ಕುಟುಂಬದ ಲಕ್ಷಣ. ಇವುಗಳಲ್ಲಿ ಕೆಲವೇ ಸೆಂಟಿಮೀಟರ್ ಬೆಳೆಯುವ ಜಾತಿಗಳನ್ನು ಅಕ್ವೇರಿಯಂ ಸಾಕುವವರು ಕುಬ್ಜ ಸಿಕ್ಲಿಡ್ ಎನ್ನುತ್ತಾರೆ. ರಾಮ್ ಸುಮಾರು 5 ಸೆಂ.ಮೀ. ಉದ್ದದ ಮೀನು. ವೆನೆಜುವೆಲಾ ಮತ್ತು ಕೊಲಂಬಿಯಾಗಳ ಒರಿನೋಕೊ ನದೀ ಬಯಲು ಅದರ ತವರು. ‘ರಾಮ ದೇವರ ಹೆಸರಾ ಮಿಸ್?’ ಎಂಬ ಪ್ರಶ್ನೆ ಎರಡೂ ಶಾಲೆಗಳಲ್ಲಿ ಬಂತು. ಇದು 1948ರಲ್ಲಿ ಮೀನಿಗೆ ವೈಜ್ಞಾನಿಕ ಹೆಸರಿಟ್ಟಾಗ ರಾಮಿರೆಜ್ ಎಂಬ ಸಂಗ್ರಾಹಕನ ನೆನಪಿಗೆ ಕೊಟ್ಟ ಹೆಸರಿನ ಮೊದಲ ತುಂಡು.

ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ. ಕೇರಳದವರು ಕರಿಮೀನ್ ಎನ್ನುವ, 2010ರಲ್ಲಿ ಆ ರಾಜ್ಯದ ಮೀನೆಂದು ಘೋಷಿತವಾದ ಹಸಿರು ಕ್ರೋಮೈಡ್ ಒಂದು. ಚಿಕ್ಕ ಗಾತ್ರದ ಕಿತ್ತಳೆ ಕ್ರೋಮೈಡ್ ಇನ್ನೊಂದು. ಮೂರನೆಯದು ದಕ್ಷಿಣ ಕನ್ನಡದ ಹೊಳೆಗಳಲ್ಲಿ ಸಿಗುವ, 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಕೆನರಾ ಪರ್ಲ್‌ಸ್ಪಾಟ್. ಇಲ್ಲಿ ನಕ್ಷೆ ಬಳಸಬೇಕು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆ ಕೊನೆಯ ಉಪ್ಪು ಬೆರೆತ ನೀರು ಹಸಿರು ಕ್ರೋಮೈಡ್‌ನ ನೆಲೆ. ಕಿತ್ತಳೆ ಕ್ರೋಮೈಡ್‌ನ ಮರಿಗಳು ತಂದೆತಾಯಿಯ ಮೈಮೇಲಿನ ಲೋಳೆಯನ್ನು ಮೆದ್ದು ಆಹಾರ ಪಡೆಯುತ್ತವೆ ಎಂದಾಗ ಮಕ್ಕಳು ಬೆರಗಾದರು.

ತೊಟ್ಟಿಯ ಸಿದ್ಧತೆ

ಇದನ್ನು ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗಾಗಿ ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ ಒಂದು ಜೋಡಿಗೆ ಸಾಕು. ಇದರಲ್ಲಿ 54 ಲೀಟರ್ ಹಿಡಿಯುತ್ತದೆ. ಈ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಬಹುದು.

ನೀರು ಮುಖ್ಯ. ಒರಿನೋಕೊ ಬಯಲಿನ ನೀರಿನಲ್ಲಿ ಕರಗಿದ ಲವಣ ಬಹಳ ಕಡಿಮೆ. ಗಡಸು ನೀರಿನಲ್ಲಿ ಈ ಮೀನಿನ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ಮಲೆನಾಡಿನ ಮಳೆ ಮತ್ತು ಜಂಬಿಟ್ಟಿಗೆ ಮಣ್ಣಿನಿಂದಾಗಿ ನಮ್ಮ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಸೋಪು ಬೇಗ ನೊರೆ ಕಟ್ಟುತ್ತದೆ. ಬಯಲುಸೀಮೆಯಲ್ಲಿ ಮಳೆನೀರು ಹಿಡಿದು ಬೆರೆಸಿಕೊಳ್ಳಬೇಕಾಗುವ ಕಡೆ ನಮಗೆ ಬಾವಿಯ ಕೊಡವೇ ಸಾಕು. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಿಟ್ಟು ಬಳಸಬೇಕು. ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡನ್ನು ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ ಸ್ವಲ್ಪ ಆಮ್ಲೀಯವಾಗುತ್ತದೆ.

ಉಷ್ಣತೆ 27ರಿಂದ 29 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಹೀಟರ್ ಇಲ್ಲದೆ ಇದು ಸಾಧ್ಯವಿಲ್ಲ, ಕರೆಂಟು ಹೋಗುವುದೂ ಆಗಲೇ. ಆದ್ದರಿಂದ ಮರಿ ಮಾಡಿಸಲು ಫೆಬ್ರವರಿಯಿಂದ ಮೇ ಒಳ್ಳೆಯ ಕಾಲ. ಮರಿಗಳನ್ನು ಎಳೆದುಕೊಳ್ಳದ ಸ್ಪಾಂಜ್ ಫಿಲ್ಟರ್, ಮೊಟ್ಟೆ ಇಡಲು ಹೊಳೆಯ ಚಪ್ಪಟೆ ಕಲ್ಲು, ಕುಳಿ ತೋಡಲು ಸಣ್ಣ ಮರಳು, ಮರೆಗೆ ಗಿಡ ಇಷ್ಟು ಬೇಕು. ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿಗಳು ಉದ್ದವಿರುವುದು ಗಂಡು, ಹೊಟ್ಟೆಯ ಮೇಲೆ ಗುಲಾಬಿ ಮಚ್ಚೆಯಿರುವುದು ಹೆಣ್ಣು.

ದಿನಚರಿ

ಮೊದಲ ದಿನ: ಎರಡೂ ಮೀನು ಕಲ್ಲನ್ನು ಬಾಯಿಂದ ಉಜ್ಜಿ ಸ್ವಚ್ಛ ಮಾಡುತ್ತವೆ. ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸುತ್ತ ಹೋದಂತೆ ಗಂಡು ಅದರ ಹಿಂದೆಯೇ ಸಾಗಿ ವೀರ್ಯಾಣುಗಳನ್ನು ಬಿಡುತ್ತದೆ. ಬಾಹ್ಯ ನಿಷೇಚನವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರ ಸಿಗುವುದು ಕಷ್ಟ.

ಎರಡು ಮತ್ತು ಮೂರನೇ ದಿನ: ರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ನೀರು ಹರಿಯುವಂತೆ ಮಾಡುತ್ತವೆ. ಇದರಿಂದ ಆಮ್ಲಜನಕ ಸಿಗುತ್ತದೆ. ನಿಷೇಚನಗೊಳ್ಳದ ಮೊಟ್ಟೆ ಬೆಳ್ಳಗಾಗಿ ಬೂಸ್ಟು ಹಿಡಿಯುತ್ತದೆ, ಅದನ್ನು ಹೆಕ್ಕಿ ತೆಗೆಯುತ್ತವೆ. ಮೂರನೇ ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ನಾಲ್ಕರಿಂದ ಏಳನೇ ದಿನ: ಮರಿಗಳಿಗೆ ಈಜಲು ಬಾರದು. ಹೊಟ್ಟೆಗಂಟಿದ ಆಹಾರದ ಚೀಲವೇ ಅವುಗಳ ಬುತ್ತಿ. ತಂದೆತಾಯಿ ಬಾಯಲ್ಲಿ ಕಚ್ಚಿ ಒಂದು ಕುಳಿಯಿಂದ ಇನ್ನೊಂದು ಕುಳಿಗೆ ಸಾಗಿಸುತ್ತವೆ.

ಎಂಟನೇ ದಿನದ ಸುಮಾರಿಗೆ: ಮರಿಗಳ ಗುಂಪು ಮೇಲೇಳುತ್ತದೆ. ಮೊದಲಿಗೆ ಒಣಹುಲ್ಲು ನೆನೆಸಿದ ನೀರಿನ ಸೂಕ್ಷ್ಮಜೀವಿಗಳು, ಬಳಿಕ ಆಗತಾನೆ ಒಡೆದ ಆರ್ಟೀಮಿಯಾ ಆಹಾರ. ಹುಲ್ಲಿನ ನೀರನ್ನು ಸೂಕ್ಷ್ಮಜೀವಿಗಳ ಘಟಕಕ್ಕೂ ಬಳಸಿಕೊಳ್ಳಬಹುದು.

ತರಗತಿಯ ಚಟುವಟಿಕೆ

ಐದು ಗುಂಪುಗಳಿಗೆ ಕಲ್ಲಿನ ಫೋಟೋ ಕೊಟ್ಟು, ಅದರ ಮೇಲೆ ಚೌಕುಳಿ ಹಾಳೆ ಇರಿಸಿ, ಎರಡು ಚೌಕ ಎಣಿಸಿ ಸರಾಸರಿಯಿಂದ ಒಟ್ಟು ಅಂದಾಜು ಮಾಡಲು ಹೇಳಿದೆ. ಗುಂಪುಗಳ ಉತ್ತರ 160ರಿಂದ 190ರ ನಡುವೆ ಬಂತು. ಲೆಕ್ಕಕ್ಕೆ 200 ಎಂದಿಟ್ಟುಕೊಂಡೆವು.

ನಂತರ ಪ್ರಶ್ನೆ: ಮೀನಿನ ಸಂಖ್ಯೆ ಹೆಚ್ಚದೆ, ಕಡಿಮೆಯಾಗದೆ ಇರಬೇಕಾದರೆ ಒಂದು ಜೋಡಿಯ ಮರಿಗಳಲ್ಲಿ ಎಷ್ಟು ಬೆಳೆದು ದೊಡ್ಡದಾಗಬೇಕು? ಸ್ವಲ್ಪ ಚರ್ಚೆಯ ನಂತರ ‘ಎರಡು’ ಎಂಬ ಉತ್ತರ ಬಂತು. ಒಂದೇ ಬಾರಿ ಮೊಟ್ಟೆ ಇಡುತ್ತವೆ ಎಂದು ಸರಳಗೊಳಿಸಿದರೆ 200ರಲ್ಲಿ 2, ಅಂದರೆ ನೂರಕ್ಕೆ ಒಂದು. ಕೆರೆಗಳಲ್ಲಿ ಸಾಕುವ ರೋಹು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಕಾಯುವುದಿಲ್ಲ. ಎರಡು ಲಕ್ಷವೆಂದು ಹಿಡಿದರೂ ಲಕ್ಷಕ್ಕೆ ಒಂದು. ಮೇಜಿನ ಮೇಲೆ 200 ಕಾಳು ಹರಡಿ ಎರಡನ್ನು ಪಕ್ಕಕ್ಕಿಟ್ಟು, ರೋಹುವಿಗೆ ಇಂಥ ಸಾವಿರ ರಾಶಿ ಬೇಕು, ಅಷ್ಟರಲ್ಲೂ ಉಳಿಯುವುದು ಇದೇ ಎರಡು ಕಾಳು ಎಂದಾಗ ತರಗತಿಯಲ್ಲಿ ಸದ್ದಿರಲಿಲ್ಲ. ‘ಕಾಯದಿದ್ದರೆ ಜಾಸ್ತಿ ಇಡಬೇಕು, ಕಾಯ್ದರೆ ಕಮ್ಮಿ ಸಾಕು’ ಎಂಬ ಸಾಮಾನ್ಯೀಕರಣವನ್ನು ಒಬ್ಬ ವಿದ್ಯಾರ್ಥಿನಿಯೇ ಹೇಳಿದಳು. ಅವಳ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದೆ.

ಮಕ್ಕಳ ಪ್ರಶ್ನೆಗಳು

1. ‘ಅಮ್ಮನೇ ಮೊಟ್ಟೆ ತಿಂದುಬಿಡ್ತದಂತೆ, ಹೌದಾ?’ ಹೌದು. ಎಳೆಯ ಜೋಡಿಗಳು ಮತ್ತು ಗಾಬರಿಗೊಂಡ ಜೋಡಿಗಳು ಮೊಟ್ಟೆಯನ್ನು ತಿನ್ನುವುದುಂಟು. ಉಳಿಯುವ ಸಾಧ್ಯತೆ ಕಡಿಮೆಯಾದ ಮೊಟ್ಟೆಯ ಶಕ್ತಿ ಮರಳಿ ದೇಹಕ್ಕೆ ಸೇರಿ ಮುಂದಿನ ಸರದಿಗೆ ಒದಗುತ್ತದೆ. ಇಲ್ಲಿ ಶಿಕ್ಷಕರು ಮಾತಿನ ಮೇಲೆ ನಿಗಾ ಇಡಬೇಕು. ‘ಒಳ್ಳೆಯ ತಾಯಿ’, ‘ಕೆಟ್ಟ ತಾಯಿ’ ಎಂಬ ಪದಗಳನ್ನು ನಾನು ಬಳಸಲಿಲ್ಲ. ಅಜ್ಜಿಮನೆಯಲ್ಲಿ, ಹಾಸ್ಟೆಲಿನಲ್ಲಿ ಉಳಿದು ಓದುವ ಮಕ್ಕಳು ಆ ತರಗತಿಯಲ್ಲಿದ್ದರು. ಮೀನಿನ ನಡವಳಿಕೆಯನ್ನು ಮನುಷ್ಯರ ಮನೆಗೆ ಅಳತೆಗೋಲು ಮಾಡಬಾರದು.

2. ‘ಮರಿ ಜಾಸ್ತಿ ಆದ್ರೆ ಹೊಳೆಗೆ ಬಿಡಬಹುದಾ ಮಿಸ್?’ ತೀರ್ಥಹಳ್ಳಿಯಲ್ಲಿ ಇದು ಗಟ್ಟಿಯಾಗಿಯೇ ಬಂತು. ತುಂಗೆಯ ಚಿಬ್ಬಲಗುಡ್ಡೆ ಮತ್ಸ್ಯಧಾಮಕ್ಕೆ ಬಿಟ್ಟರೆ ಪುಣ್ಯವಲ್ಲವೇ ಎಂದು ಒಬ್ಬಳು ಕೇಳಿದಳು. ಉತ್ತರಕ್ಕೆ ಮತ್ತೆ ಕಪ್ಪುಹಲಗೆಯ ವಾಕ್ಯಕ್ಕೇ ಮರಳಿದೆವು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಕೂಡ ಆಫ್ರಿಕಾದ ಸಿಕ್ಲಿಡ್. ಅದರ ಹೆಣ್ಣು ಮೊಟ್ಟೆ, ಮರಿಗಳನ್ನು ಬಾಯೊಳಗೆ ಇಟ್ಟುಕೊಂಡು ಕಾಯುತ್ತದೆ. ಇಡುವ ಮೊಟ್ಟೆ ಕಡಿಮೆ, ಆದರೂ ಇಂದು ದೇಶದ ಎಷ್ಟೋ ಕೆರೆ, ಜಲಾಶಯಗಳಲ್ಲಿ ಅದು ಹರಡಿದೆ. ಕಾಯುವ ಮೀನಿಗೆ ಹೊಸ ನೀರಿನಲ್ಲಿ ಬೇರೂರಲು ಕೆಲವೇ ಜೋಡಿ ಸಾಕು. ಮತ್ಸ್ಯಧಾಮದ ಮಹಶೀರ್ ಮೀನು ಮೊಟ್ಟೆ ಚೆಲ್ಲಿ ಹೋಗುವ ಜಾತಿ, ಅಲ್ಲಿ ಅದಕ್ಕೆ ಕಾವಲಿರುವುದು ಮನುಷ್ಯರು. ರಾಮ್ ನಮ್ಮ ಹೊಳೆಯ ಚಳಿಗೆ ಬದುಕದೆ ಹೋದರೂ ಅದರ ಮೈಮೇಲಿನ ಪರಾವಲಂಬಿಗಳು ನೀರಿಗೆ ಸೇರಬಹುದು. ಹೆಚ್ಚಾದ ಮರಿಗಳನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ಸಾಕುವವರಿಗೆ ಕೊಡಬೇಕು, ಅದೂ ಆಗದಿದ್ದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಡಬೇಕು ಎಂದು ಮಕ್ಕಳು ಪಟ್ಟಿ ಮಾಡಿದರು.

ವಿಸ್ತರಣೆ

ಮುಂದಿನ ಘಟಕದಲ್ಲಿ ಮನುಷ್ಯರ ಲಿಂಗ ನಿರ್ಧಾರವನ್ನು ಎಕ್ಸ್ ಮತ್ತು ವೈ ವರ್ಣತಂತುಗಳಿಂದ ವಿವರಿಸುತ್ತೇವೆ. ಅಪಿಸ್ಟೊಗ್ರಾಮಾ ಎಂಬ ಇನ್ನೊಂದು ಕುಬ್ಜ ಸಿಕ್ಲಿಡ್ ಗುಂಪಿನ ಹಲವು ಜಾತಿಗಳಲ್ಲಿ ಮರಿಗಳು ಬೆಳೆಯುವ ನೀರಿನ ಉಷ್ಣತೆ ಹೆಚ್ಚಿದಂತೆ ಗಂಡುಗಳ ಪ್ರಮಾಣ ಹೆಚ್ಚುತ್ತದೆ ಎಂದು ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ 1996ರಲ್ಲಿ ಪ್ರಕಟಿಸಿದರು. ಎಲ್ಲ ಪ್ರಾಣಿಗಳಲ್ಲೂ ಒಂದೇ ನಿಯಮವಿಲ್ಲ ಎನ್ನಲು ಇದು ತಕ್ಕ ಉದಾಹರಣೆ.

ಮೌಲ್ಯಮಾಪನ

1. ಹತ್ತುಮೀನು ಮತ್ತು ಕೊರವ, ಇವುಗಳ ಸಂತಾನೋತ್ಪತ್ತಿಯ ಎರಡು ವ್ಯತ್ಯಾಸ ತಿಳಿಸಿ.
2. ಒಂದು ಮೀನು 5,000 ಮೊಟ್ಟೆ ಇಡುತ್ತದೆ. ಸಂಖ್ಯೆ ಸ್ಥಿರವಾಗಿರಲು ಎಷ್ಟಕ್ಕೆ ಒಂದು ಉಳಿಯಬೇಕು?
3. ಮೊಟ್ಟೆ ತುಂಬಿದ ಹತ್ತುಮೀನನ್ನು ಹಿಡಿಯುವುದರಿಂದ ಮುಂದಿನ ವರ್ಷದ ಹಳ್ಳಕ್ಕೆ ಏನಾಗುತ್ತದೆ? ಕಾರಣ ಕೊಡಿ.

ಮೂರನೇ ಪ್ರಶ್ನೆಯನ್ನು ಮನೆಗೆಲಸವಾಗಿ ಕೊಟ್ಟು ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದರೆ ಮರುದಿನದ ಚರ್ಚೆಗೆ ಪೂರ್ತಿ 40 ನಿಮಿಷ ಮೀಸಲಿಡಿ. ಹೊಸನಗರದ ಮಕ್ಕಳು ತಂದ ಉತ್ತರಗಳಲ್ಲಿ ಹೆಚ್ಚಿನವು ‘ನಮ್ಮಜ್ಜನ ಕಾಲದಲ್ಲಿ’ ಎಂದೇ ಆರಂಭವಾಗಿದ್ದವು.