ವಿದ್ಯೆಯ ಸಾಲವೂ ಅದರ ಬಿಡುಗಡೆಯೂ

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 15:1-11, ನೆಹೆಮೀಯ 5:1-13.

ನಮ್ಮ ಹಳ್ಳಿಗಳಲ್ಲಿ ಮಗನಿಗಾಗಲಿ ಮಗಳಿಗಾಗಲಿ ದೂರದ ಕಾಲೇಜಿನಲ್ಲಿ ಸ್ಥಳ ದೊರೆತಾಗ ತಂದೆಯು ಬ್ಯಾಂಕಿಗೆ ಹೋಗಿ ಮಗುವಿನ ರುಜುವಿನ ಬಳಿಯಲ್ಲಿ ತನ್ನ ರುಜುವನ್ನೂ ಹಾಕಿ ಬರುವುದುಂಟು. ಯಾವ ಮನೆಯಲ್ಲಿ ಅಂಥ ರುಜು ಬಿದ್ದಿದೆಯೋ ಆ ಮನೆಯವರಿಗೆ ಈ ಪಾಠದ ವಿಷಯವು ಪರರದಲ್ಲ. ಓದು ಮುಗಿದರೂ ಕೆಲಸ ಸಿಕ್ಕದೆ, ಸಿಕ್ಕಿದರೂ ಸಂಬಳ ಸಾಲದೆ ಹೋದರೆ ಆ ಸಾಲವನ್ನು ಸರಕಾರವು ಬಿಟ್ಟುಬಿಡಬೇಕೋ, ಬಿಡಬಾರದೋ? ಈ ಪ್ರಶ್ನೆಯು ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಬಹು ದೊಡ್ಡ ವ್ಯಾಜ್ಯವಾಗಿ ಬೆಳೆದಿರುವದರಿಂದ, ಅಲ್ಲಿ ನಡೆದದ್ದನ್ನು ಕ್ರಮವಾಗಿ ವಿಚಾರಿಸೋಣ.

1. ಈ ಸಾಲವು ಹುಟ್ಟಿದ ಬಗೆ

1957ರಲ್ಲಿ ರಷ್ಯದವರು ಸ್ಪುಟ್ನಿಕ್ ಎಂಬ ಉಪಗ್ರಹವನ್ನು ಆಕಾಶಕ್ಕೆ ಹಾರಿಸಲು, ತಾವು ವಿದ್ಯೆಯಲ್ಲಿ ಹಿಂದೆ ಬಿದ್ದೆವೆಂದು ಅಮೇರಿಕದವರು ಕಳವಳಪಟ್ಟು, 1958ರಲ್ಲಿ ವಿದ್ಯಾರ್ಥಿಗಳಿಗೆ ಸರಕಾರದ ಹಣದಿಂದ ಸಾಲ ಕೊಡುವ ಕಾನೂನನ್ನು ಮಾಡಿದರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನರು ಉನ್ನತ ವಿದ್ಯಾಭ್ಯಾಸದ ದೊಡ್ಡ ಕಾನೂನಿಗೆ ಟೆಕ್ಸಾಸಿನ ಸಾನ್ ಮಾರ್ಕೋಸ್ ಊರಲ್ಲಿ, ತಾವು ಬಡತನದಲ್ಲಿ ದುಡಿಯುತ್ತಾ ಓದಿದ್ದ ಕಾಲೇಜಿನಲ್ಲಿಯೇ ರುಜು ಹಾಕಿದರು. ಹಣವಿಲ್ಲವೆಂಬ ಕಾರಣದಿಂದ ಯಾವ ಬಡ ಮಗುವೂ ಹೊರಗೆ ನಿಲ್ಲಬಾರದೆಂಬುದೇ ಅದರ ಉದ್ದೇಶ. ಬಹುಕಾಲ ಬ್ಯಾಂಕುಗಳು ಸಾಲ ಕೊಡುತ್ತಿದ್ದವು, ಸರಕಾರವು ಜಾಮೀನು ನಿಲ್ಲುತ್ತಿತ್ತು. 2010ರ ಕಾನೂನಿನ ತರುವಾಯ ಈ ಯೋಜನೆಯ ಹೊಸ ಸಾಲಗಳನ್ನೆಲ್ಲಾ ಸರಕಾರವು ತಾನೇ ಕೊಡುತ್ತಾ ಬಂತು.

ಉದ್ದೇಶವು ಒಳ್ಳೇದಾದಾಗ್ಯೂ ಕಾಲೇಜಿನ ಫೀಜು ವರುಷದಿಂದ ವರುಷಕ್ಕೆ ಏರಿತು. ಅದರ ಸಂಗಡ ಸಾಲವೂ ಏರಿತು. ಈಗ 4 ಕೋಟಿಗೂ ಹೆಚ್ಚು ಮಂದಿ ಒಟ್ಟಾಗಿ 1.6 ಲಕ್ಷ ಕೋಟಿ ಡಾಲರುಗಳಿಗೂ ಮಿಕ್ಕಿದ ಸಾಲವನ್ನು ಸರಕಾರಕ್ಕೆ ಹೊತ್ತಿರುತ್ತಾರೆ.

2. ಬಾಗಿಲು ಮುಚ್ಚಿದ ಸಾಲ

ಆ ದೇಶದಲ್ಲಿ ವ್ಯಾಪಾರಿಯು ನಷ್ಟಪಟ್ಟರೆ ನ್ಯಾಯಾಲಯಕ್ಕೆ ಹೋಗಿ ದಿವಾಳಿಯೆಂದು ಹೇಳಿಕೊಂಡು ಸಾಲದಿಂದ ಬಿಡುಗಡೆ ಹೊಂದಬಹುದು. ವಿದ್ಯಾರ್ಥಿಗಾದರೋ ಆ ಬಾಗಿಲನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚಿದರು. ಸಾಲ ತೀರಿಸತಕ್ಕ ಕಾಲವು ಆರಂಭವಾಗಿ ಐದು ವರುಷ ಕಳೆಯುವ ತನಕ ದಿವಾಳಿಯಿಂದ ಬಿಡುಗಡೆ ಇಲ್ಲವೆಂದು 1976ರಲ್ಲಿ ವಿಧಿಸಿದರು. 1998ರಲ್ಲಿ ಆ ಅವಧಿಯನ್ನೂ ತೆಗೆದುಬಿಟ್ಟರು. ಅಂದಿನಿಂದ ಮಿತಿಮೀರಿದ ಕಷ್ಟವನ್ನು ನ್ಯಾಯಾಧೀಶರ ಮುಂದೆ ರುಜುವಾತುಪಡಿಸಿದವರಿಗೆ ಮಾತ್ರ ಬಿಡುಗಡೆಯುಂಟು. ಕೊಡುವ ಕಂತು ಬಡ್ಡಿಗೂ ಸಾಲದೆ, ಎಷ್ಟೋ ವರುಷ ಕಟ್ಟಿದ ಮೇಲೆ ಮೊದಲು ತಂದದ್ದಕ್ಕಿಂತ ಹೆಚ್ಚು ಬಾಕಿಯುಳ್ಳವರು ಅನೇಕರಿದ್ದಾರೆ.

ಇದರಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಅತಿ ದೊಡ್ಡ ಸಾಲವುಳ್ಳ ವೈದ್ಯನೂ ವಕೀಲನೂ ಸಾಮಾನ್ಯವಾಗಿ ತೀರಿಸಿಬಿಡುತ್ತಾರೆ. ಕಂತು ತಪ್ಪಿ ಸಿಕ್ಕಿಬೀಳುವವರು ಹೆಚ್ಚಾಗಿ ಸಣ್ಣ ಸಾಲದವರೇ. ಓದನ್ನು ಅರ್ಧದಲ್ಲಿ ಬಿಟ್ಟು, ಪದವಿ ಇಲ್ಲದೆ ಸಾಲವನ್ನು ಮಾತ್ರ ಹೊತ್ತು ಬಂದವರು.

3. ಬಿಡುಗಡೆಗಾಗಿ ಮಾಡಿದ ಪ್ರಯತ್ನಗಳು

2022ನೇ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಜೋ ಬೈಡನರು, ವರುಷಕ್ಕೆ 1,25,000 ಡಾಲರಿಗಿಂತ ಕಡಿಮೆ ವರಮಾನವುಳ್ಳವರಿಗೆ 10,000 ಡಾಲರಿನ ತನಕವೂ, ಬಡ ವಿದ್ಯಾರ್ಥಿಗಳಿಗಾಗಿ ಇರುವ ಪೆಲ್ ಸಹಾಯಧನ ಹೊಂದಿದ್ದವರಿಗೆ 20,000 ಡಾಲರಿನ ತನಕವೂ ಸಾಲ ಬಿಡುವೆವೆಂದು ಪ್ರಕಟಿಸಿದರು. ಇದರ ವೆಚ್ಚವು ಸುಮಾರು 40,000 ಕೋಟಿ ಡಾಲರೆಂದು ಅಲ್ಲಿಯ ಶಾಸನಸಭೆಯ ಆಯವ್ಯಯ ಕಚೇರಿಯು ಎಣಿಸಿತು. 2023ನೇ ಜೂನ್ 30ರಂದು ಸರ್ವೋಚ್ಚ ನ್ಯಾಯಾಲಯದ ಆರು ಮಂದಿ ನ್ಯಾಯಾಧೀಶರು ಮೂವರ ವಿರೋಧದ ಮೇಲೆ ಅದನ್ನು ರದ್ದುಮಾಡಿದರು. ಸಾಲ ಬಿಡುವದು ಒಳ್ಳೇದೋ ಕೆಟ್ಟದ್ದೋ ಎಂದು ಅವರು ತೀರ್ಪುಮಾಡಲಿಲ್ಲ. ಇಷ್ಟು ದೊಡ್ಡ ಕಾರ್ಯವನ್ನು ಮಾಡುವ ಅಧಿಕಾರವನ್ನು ಶಾಸನಸಭೆಯು ಮಂತ್ರಿಗೆ ಕೊಟ್ಟಿರಲಿಲ್ಲವೆಂದೇ ಹೇಳಿದರು.

ಆದರೂ ಬೇರೆ ದಾರಿಗಳಿದ್ದವು. 2007ರ ಕಾನೂನಿನ ಪ್ರಕಾರ ಶಾಲೆ, ಆಸ್ಪತ್ರೆ ಮುಂತಾದ ಸಾರ್ವಜನಿಕ ಸೇವೆಯಲ್ಲಿದ್ದು 120 ತಿಂಗಳ ಕಂತುಗಳನ್ನು ತಪ್ಪದೆ ಕಟ್ಟಿದವರ ಉಳಿದ ಸಾಲವು ಬಿಡಲ್ಪಡಬೇಕು. ಕೊರಿಂಥಿಯನ್ ಎಂಬ ಕಾಲೇಜುಗಳ ಒಡೆಯರು ಸುಳ್ಳು ಭರವಸೆಗಳಿಂದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು 2015ರಲ್ಲಿ ಮುಚ್ಚಿಹೋದಾಗ, ಮೋಸಹೋದ 5,60,000 ಮಂದಿಯ 580 ಕೋಟಿ ಡಾಲರ್ ಸಾಲವನ್ನು 2022ರಲ್ಲಿ ಬಿಟ್ಟರು. ಆಸ್ಟ್ರೇಲಿಯದಲ್ಲಿಯೂ 2025ರಲ್ಲಿ ಪಾರ್ಲಿಮೆಂಟು ಕಾನೂನನ್ನು ಮಾಡಿ ವಿದ್ಯಾಸಾಲಗಳಲ್ಲಿ ನೂರಕ್ಕೆ 20ರಷ್ಟನ್ನು ಕಡಿಮೆಮಾಡಿತು.

4. ಎರಡು ಪಕ್ಷದವರ ಮಾತು

ಬಿಡಬಾರದೆನ್ನುವವರು ಕೇಳುವದೇನಂದರೆ: ಬಿಟ್ಟ ಸಾಲವು ಎಲ್ಲಿಗೆ ಹೋಗುತ್ತದೆ? ಅದು ಮಾಯವಾಗುವದಿಲ್ಲ, ತೆರಿಗೆ ಕೊಡುವವರ ಹೆಗಲಿಗೆ ಹೋಗುತ್ತದೆ. ಕಾಲೇಜಿನ ಮೆಟ್ಟಲನ್ನೇ ಹತ್ತದ ಗಾರೆಕೆಲಸದವನು ಓದಿದವನ ಸಾಲವನ್ನು ಯಾಕೆ ಹೊರಬೇಕು? ಹೊಟ್ಟೆ ಕಟ್ಟಿ ಸಾಲ ತೀರಿಸಿದವನಿಗೆ ಏನು ಪ್ರತಿಫಲ?

ಬಿಡಬೇಕೆನ್ನುವವರ ಉತ್ತರವೇನಂದರೆ: ಉಪಾಧ್ಯಾಯನ ಮತ್ತು ದಾದಿಯ ವಿದ್ಯೆಯಿಂದ ಊರೆಲ್ಲಾ ಪ್ರಯೋಜನ ಹೊಂದುತ್ತದೆ. ಹದಿನೆಂಟು ವರುಷದ ಮಗುವು ಹಾಕಿದ ರುಜುವು ಸಾಯುವ ತನಕ ಬೆನ್ನಟ್ಟಬೇಕೋ? 2020ರ ಅಂಟುರೋಗದ ಕಾಲದಲ್ಲಿ ಕೆಲಸದವರ ಸಂಬಳಕ್ಕೆಂದು ವ್ಯಾಪಾರಗಾರರಿಗೆ ಕೊಟ್ಟ ಸಾಲಗಳಲ್ಲಿ ಬಹುಪಾಲನ್ನು ಸರಕಾರವು ಬಿಡಲಿಲ್ಲವೋ?

ಈ ಎರಡು ಮಾತುಗಳಲ್ಲಿಯೂ ಸತ್ಯವುಂಟು.

5. ಹಳೆಯ ದೃಷ್ಟಾಂತಗಳು

ಸಾಲದ ಬಿಡುಗಡೆಯು ಹೊಸ ವಿಚಾರವಲ್ಲ. ಏಳನೆಯ ವರುಷದ ಬಿಡುಗಡೆಯನ್ನು ವಿಧಿಸಿದ ಧರ್ಮಶಾಸ್ತ್ರವೇ, ಆ ವರುಷವು ಹತ್ತಿರವಾಯಿತೆಂದು ಬಡವನಿಗೆ ಕೈ ಮುಚ್ಚಬಾರದೆಂದು ಎಚ್ಚರಿಸುತ್ತದೆ. ಆದರೂ ಭಯಪಟ್ಟದ್ದೇ ನಡೆಯಿತು. ಹಣವುಳ್ಳವರು ಸಾಲ ಕೊಡದೆ ಹೋದದ್ದರಿಂದ ಹಿಲ್ಲೇಲನೆಂಬ ಯೆಹೂದ್ಯ ಗುರುವು, ಸಾಲಪತ್ರವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿದರೆ ಏಳನೆಯ ವರುಷದಲ್ಲಿಯೂ ಸಾಲವು ಉಳಿಯುವದೆಂಬ ಏರ್ಪಾಟನ್ನು ಮಾಡಬೇಕಾಯಿತೆಂದು ಯೆಹೂದ್ಯರ ಗ್ರಂಥಗಳು ತಿಳಿಸುತ್ತವೆ. ಬಿಡುಗಡೆಯು ಮುಂದಿನ ಬಡವನಿಗೆ ಬಾಗಿಲು ಮುಚ್ಚದಂತೆ ನೋಡಿಕೊಳ್ಳತಕ್ಕದ್ದೆಂಬುದು ಇದರಿಂದ ಕಲಿಯುವ ಪಾಠ.

ನೆಹೆಮೀಯನಾದರೋ ಹೊಲಗಳನ್ನೂ ಮಕ್ಕಳನ್ನೂ ಒತ್ತೆಯಿಟ್ಟವರ ಕೂಗನ್ನು ಕೇಳಿ ದೊಡ್ಡ ಸಭೆಯನ್ನು ಕೂಡಿಸಿ, ತಾನೂ ತನ್ನವರೂ ಸಾಲ ಕೊಟ್ಟಿರುವದನ್ನು ಮರೆಮಾಡದೆ, ಶ್ರೀಮಂತರಿಂದ ಎಲ್ಲರ ಮುಂದೆ ಪ್ರಮಾಣ ಮಾಡಿಸಿದನು. ಅಲ್ಲಿ ನಷ್ಟವನ್ನು ಹೊತ್ತವರು ಸಾಲ ಕೊಟ್ಟವರೇ. ಕಾರ್ಯವು ನಡೆದದ್ದು ಬಹಿರಂಗವಾಗಿಯೇ.

6. ನಾವು ಹಿಡಿಯತಕ್ಕ ತೀರ್ಮಾನ

ಎಲ್ಲರ ಸಾಲವನ್ನೂ ಒಂದೇ ಸಲ ಅಳಿಸುವದು ನ್ಯಾಯವಲ್ಲ. ಯಾರದನ್ನೂ ಬಿಡೆನೆಂಬುದೂ ನ್ಯಾಯವಲ್ಲ. ಮೋಸಹೋದವನಿಗೆ ಬಿಡುಗಡೆಯು ಸಲ್ಲತಕ್ಕ ಪರಿಹಾರ. ಹತ್ತು ವರುಷ ಸೇವೆ ಮಾಡಿದವನಿಗೆ ಅದು ಕೊಟ್ಟ ಮಾತಿನ ನೆರವೇರಿಕೆ. ಕೈಲಾಗದೆ ಬಿದ್ದವನಿಗೆ ವ್ಯಾಪಾರಿಗೆ ತೆರೆದಿರುವ ದಿವಾಳಿಯ ಬಾಗಿಲು ತೆರೆದಿರಬೇಕು, ಕಂತು ಅವನ ವರಮಾನಕ್ಕೆ ತಕ್ಕಷ್ಟಿರಬೇಕು. ಇದಕ್ಕೆ ಮೀರಿದ ಬಿಡುಗಡೆಯನ್ನು ಜನರ ಪ್ರತಿನಿಧಿಗಳು ಬಹಿರಂಗವಾಗಿ, ವೆಚ್ಚವನ್ನು ಲೆಕ್ಕಹಾಕಿ ಮಾಡಲಿ. ಫೀಜಿನ ಏರಿಕೆಯನ್ನು ತಡೆಯದೆ ಸಾಲವನ್ನು ಮಾತ್ರ ಬಿಡುವವನು, ತೂತನ್ನು ಮುಚ್ಚದೆ ದೋಣಿಯ ನೀರನ್ನು ಮೊಗೆದು ಚೆಲ್ಲುವವನ ಹಾಗಿದ್ದಾನೆ.

ನಮ್ಮ ದೇಶದಲ್ಲಿ ಕೇಂದ್ರ ಸರಕಾರವು 2009ರಲ್ಲಿ, ವರುಷಕ್ಕೆ 4.5 ಲಕ್ಷ ರೂಪಾಯಿಯ ತನಕ ವರಮಾನವುಳ್ಳ ಮನೆಯ ಮಕ್ಕಳಿಗೆ ಓದುವ ಕಾಲದ ಬಡ್ಡಿಯನ್ನು ತಾನೇ ಕೊಡುವ ಯೋಜನೆಯನ್ನು ಆರಂಭಿಸಿತು. ಆದದರಿಂದ ತಂದೆತಾಯಿಗಳೇ, ರುಜು ಹಾಕುವದಕ್ಕೆ ಮುಂಚೆ ಬಡ್ಡಿ ಎಷ್ಟು, ಯಾವ ದಿನದಿಂದ, ಅಂಥ ಸಹಾಯವು ನಮಗೆ ಸಲ್ಲುವದೋ ಎಂದು ಬಾಯಿಬಿಟ್ಟು ಕೇಳಿರಿ. ಮುಂದೆ ಸಾಲಮನ್ನಾ ಆಗುವದೆಂದು ನಂಬಿ ಸಾಲ ತರಬೇಡಿರಿ. ಸಾಲಕ್ಕೆ ಅಂಜಿ ಮಗಳ ಓದನ್ನು ನಿಲ್ಲಿಸಲೂ ಬೇಡಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ಬಿಟ್ಟುಬಿಟ್ಟ ಸಾಲವನ್ನು ಕೊನೆಗೆ ಯಾರು ಹೊರುತ್ತಾರೆ?
2. ಮೋಸಹೋದವನ ಸಾಲಕ್ಕೂ ತೀರಿಸಬಲ್ಲವನ ಸಾಲಕ್ಕೂ ಇರುವ ಭೇದವೇನು?
3. ನಿಮ್ಮ ಊರಲ್ಲಿ ಓದನ್ನು ಅರ್ಧದಲ್ಲಿ ಬಿಟ್ಟು ಸಾಲದಲ್ಲಿ ಸಿಕ್ಕಿದವರುಂಟೋ? ಅವರಿಗೆ ನೀವು ಯಾವ ಸಹಾಯ ಮಾಡಬಹುದು?