ಡಿಕ್ಕಿಯೊಳಗಿನ ಅಡುಗೆಮನೆ: ಅನುಭವದ ಪಾಠಗಳು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಕಾರಿನಲ್ಲೇ ಸ್ಪಿತಿಗೆ, ಲಡಾಖಿಗೆ ಹೊರಡುವವರು ಈಗ ಬಹಳ ಮಂದಿ. ದಾರಿಯುದ್ದಕ್ಕೂ ನಾನೇ ಬೇಯಿಸಿಕೊಂಡು ತಿರುಗುವವನೆಂದು ಗೊತ್ತಿರುವವರು ಹೊರಡುವ ಮುನ್ನ ಕೇಳುವುದು ಒಂದೇ ಮಾತು: “ಯಾವ ಸ್ಟೋವ್ ತಗೊಳ್ಳಲಿ?” ಅವರಿಗೆ ಹೇಳುತ್ತಾ ಬಂದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

1. ಊಟ ಮೊದಲು, ಒಲೆ ಆಮೇಲೆ

ಅಂಗಡಿಯಲ್ಲಿ ಸಿಗುವ ಕ್ಯಾಂಪಿಂಗ್ ಸ್ಟೋವ್‌ಗಳಲ್ಲಿ ಹೆಚ್ಚಿನವು ನೀರು ಕುದಿಸಲೆಂದೇ ಮಾಡಿದವು. ಒಣಗಿಸಿದ ಊಟದ ಪೊಟ್ಟಣಕ್ಕೆ ಬಿಸಿನೀರು ಸುರಿದು ತಿನ್ನುವವರ ಒಲೆ ಅದು. ಎಷ್ಟು ನಿಮಿಷದಲ್ಲಿ ಅರ್ಧ ಲೀಟರ್ ಕುದಿಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ನಮ್ಮ ಅಡುಗೆಯ ಕಷ್ಟಸುಖವೇ ಬೇರೆ. ಒಗ್ಗರಣೆಯ ಸಾಸಿವೆ ಸಿಡಿಯಬೇಕು, ಆದರೆ ಕರಿಬೇವು ಕರಕಲಾಗಬಾರದು. ಉಪ್ಪಿಟ್ಟಿಗೆ ರವೆ ಹಾಕಿದ ಮೇಲೆ ಉರಿ ಇಳಿಸಿ ಮುಚ್ಚಿಡಬೇಕು. ಇದಕ್ಕೆಲ್ಲ ಸಣ್ಣ ಉರಿ ಬೇಕು. ಕೊಳ್ಳುವಾಗ ಜೋರು ಉರಿ ನೋಡಿ ಮರುಳಾಗಬೇಡಿ. ಗುಂಡಿಯನ್ನು ಕೊನೆಯವರೆಗೆ ಇಳಿಸಿ, ಉರಿ ಆರದೆ ಸಮನಾಗಿ ನಿಲ್ಲುತ್ತದೆಯೇ ನೋಡಿ.

ಎರಡನೆಯದು ತಳ. ಗ್ಯಾಸ್ ಡಬ್ಬಿಯ ತಲೆಯ ಮೇಲೇ ತಿರುಗಿಸಿ ಕೂರಿಸುವ ಪುಟ್ಟ ಬರ್ನರ್ ಚಾರಣಿಗರ ಬೆನ್ನಿಗೆ ಹಗುರ, ಒಂದು ಲೋಟ ಕಾಫಿಗೆ ಸಾಕು. ಅದರ ಮೇಲೆ ಎರಡು ಲೀಟರಿನ ಪಾತ್ರೆಯಿಟ್ಟು ರಾಗಿಹಿಟ್ಟು ಬೇಯಿಸಲು ಹೊರಟರೆ ಇಡೀ ಗೋಪುರವೇ ವಾಲುತ್ತದೆ. ಮುದ್ದೆ ತಿರುವುವುದನ್ನು ಪಾತ್ರೆ ನೆಲಕ್ಕಿಳಿಸಿಯೇ ಮಾಡಬಹುದು, ಆದರೆ ಎಸರು ಕುದ್ದು ಹಿಟ್ಟು ಬೇಯುವವರೆಗಾದರೂ ಒಲೆ ಅಲುಗಾಡಬಾರದು. ನಾಲ್ಕು ಕಾಲು ಅಗಲಿಸಿ ನೆಲದ ಮೇಲೆ ಕೂತು, ಪೈಪಿನಿಂದ ಗ್ಯಾಸ್ ಪಡೆಯುವ ಒಲೆಯೇ ಕಾರಿನವರಿಗೆ ಸರಿ.

2. ಕ್ಯಾಸೆಟ್ ಒಲೆಯ ಮೇಲೆ ದೊಡ್ಡ ಕಾವಲಿ ಬೇಡ

ಪಕ್ಕದ ಗೂಡಿನಲ್ಲಿ ಉದ್ದನೆಯ ಬ್ಯುಟೇನ್ ಡಬ್ಬಿ ಮಲಗಿಸುವ ಚಪ್ಪಟೆ ಒಲೆ ನೋಡಿರುತ್ತೀರಿ. ಅಗ್ಗ, ಗಟ್ಟಿಯಾಗಿ ಕೂರುತ್ತದೆ, ಉರಿಯೂ ಹದಕ್ಕೆ ಸಿಗುತ್ತದೆ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ನನಗೆ ಇದೇ ಇಷ್ಟ. ಆದರೆ ಅಗಲವಾದ ದೋಸೆ ಕಾವಲಿ ಇಟ್ಟಾಗ ಏನಾಗುತ್ತದೆ ನೋಡಿ: ಕಾವಲಿಯ ಅಂಚು ಡಬ್ಬಿಯ ಗೂಡಿನ ಮೇಲೆ ಚಾಚಿಕೊಳ್ಳುತ್ತದೆ, ಕೆಳಗೆ ಬಡಿದ ಶಾಖ ನೇರ ಗೂಡಿಗೆ ಇಳಿಯುತ್ತದೆ. ಡಬ್ಬಿ ಬಿಸಿಯಾದಂತೆ ಒಳಗಿನ ಒತ್ತಡ ಏರುತ್ತದೆ. ಇಂಥ ಒಲೆಗಳು ಸಿಡಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ಆಗಾಗ ಗೂಡಿನ ಮುಚ್ಚಳವನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿನದನ್ನು ದಾಟಿತೋ, ಒಲೆ ಆರಿಸಿ. ಬರ್ನರ್ ಆಚೆಗೆ ಹೆಚ್ಚು ಚಾಚದ ಸಣ್ಣ ಕಾವಲಿಯಲ್ಲಿ ಅಂಗೈಯಗಲದ ದೋಸೆ ಹುಯ್ದುಕೊಳ್ಳಿ. ಗಾಳಿ ತಡೆಯಲು ತಗಡು ಕಟ್ಟುವಾಗಲೂ ಡಬ್ಬಿಯನ್ನು ಒಳಗೆ ಸೇರಿಸಿ ಸುತ್ತ ಮುಚ್ಚಬೇಡಿ.

ಖಾಲಿ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಗ್ಯಾಸ್ ತುಂಬಿಸುವ ಅಡಾಪ್ಟರ್ ಮಾರುತ್ತಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಆ ತೆಳು ತಗಡು ಬ್ಯುಟೇನ್ ಒತ್ತಡಕ್ಕೆಂದು ಮಾಡಿದ್ದು. ಎಲ್‌ಪಿಜಿಯಲ್ಲಿ ಪ್ರೊಪೇನ್ ಕೂಡ ಇರುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಪ್ರೊಪೇನಿನ ಒತ್ತಡ ಬ್ಯುಟೇನಿನ ಮೂರು ಪಟ್ಟನ್ನೂ ಮೀರುತ್ತದೆ.

3. ಚಳಿಯಲ್ಲಿ ಡಬ್ಬಿ ತುಂಬಿದ್ದರೂ ಗ್ಯಾಸ್ ಬಾರದು

ಬ್ಯುಟೇನ್ ಆವಿಯಾಗುವುದು ಮೈನಸ್ 0.5 ಡಿಗ್ರಿಯ ಮೇಲೆ. ಅದಕ್ಕಿಂತ ತಣ್ಣಗಾದರೆ ಡಬ್ಬಿಯಲ್ಲೇ ದ್ರವವಾಗಿ ಕೂತುಬಿಡುತ್ತದೆ. ಗ್ಯಾಸ್ ಹೊರಬರುವಾಗ ಡಬ್ಬಿಯೂ ತಂತಾನೇ ತಣ್ಣಗಾಗುವುದರಿಂದ, ಹೊರಗೆ ನಾಲ್ಕೈದು ಡಿಗ್ರಿ ಇದ್ದಾಗಲೇ ಉರಿ ಸೊರಗುತ್ತದೆ. ಮನಾಲಿ ದಾಟುವವರು ಐಸೊಬ್ಯುಟೇನ್ ಮತ್ತು ಪ್ರೊಪೇನ್ ಬೆರೆಸಿದ ಡಬ್ಬಿಯನ್ನೇ ಕೊಳ್ಳಬೇಕು. ಮೊದಲನೆಯದು ಮೈನಸ್ 12ರ ಹತ್ತಿರ, ಎರಡನೆಯದು ಮೈನಸ್ 42ರಲ್ಲಿ ಆವಿಯಾಗುತ್ತದೆ. ಮಿಶ್ರಣದಲ್ಲಿ ಪ್ರೊಪೇನ್ ಬೇಗ ಖರ್ಚಾಗುವುದರಿಂದ ಮುಕ್ಕಾಲು ಖಾಲಿಯಾದ ಡಬ್ಬಿ ಚಳಿಯಲ್ಲಿ ಹೊಸದರಷ್ಟು ಚುರುಕಾಗಿರುವುದಿಲ್ಲ. ರಾತ್ರಿ ಡಬ್ಬಿಯನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ. ಬೆಳಗ್ಗೆ ಉರಿ ಸೊರಗಿದರೆ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಅದನ್ನು ನಿಲ್ಲಿಸಿ. ಬೆಂಕಿಗೆ ಮಾತ್ರ ಹಿಡಿಯಬಾರದು.

ನಿಜವಾದ ಕೊರೆಯುವ ಚಳಿಗೆ ಹಳೆಯ ಪಂಪ್ ಸ್ಟೋವನ್ನು ಮೀರಿಸಿದ್ದಿಲ್ಲ. 1892ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ಪ್ರೈಮಸ್‌ನ ಸಂತತಿ ಅದು. ಒತ್ತಡವನ್ನು ನಮ್ಮ ಕೈಯೇ ಕೊಡುವುದರಿಂದ ಹೊರಗಿನ ಚಳಿ ಅದಕ್ಕೆ ಲೆಕ್ಕವಿಲ್ಲ. ಪಿನ್ನು, ವಾಷರ್ ಜೊತೆಗಿರಲಿ. ಸೀಮೆಎಣ್ಣೆ ನಮ್ಮ ಊರುಗಳಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ ಎಂಬುದೊಂದೇ ಅದರ ತೊಡಕು.

4. ಕುಕ್ಕರ್ ಬಿಟ್ಟು ಘಟ್ಟ ಹತ್ತಬೇಡಿ

ಎತ್ತರ ಏರಿದಂತೆ ನೀರು ಕುದಿಯುವ ಬಿಸಿ ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಬೆಂಗಳೂರಿನಲ್ಲೇ ಅದು 97ರ ಆಸುಪಾಸು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ 93ಕ್ಕೆ ಹತ್ತಿರ. 3,500 ಮೀಟರಿನ ಲೇಹ್‌ನಲ್ಲಿ 88. ಲಡಾಖಿನಲ್ಲೇ ಅದಕ್ಕೂ ಎತ್ತರದ ಹಾನ್ಲೆಯಲ್ಲಿ ಇನ್ನೂ ಕಡಿಮೆ. ಅಲ್ಲಿ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ, ಗ್ಯಾಸ್ ಮಾತ್ರ ಮುಗಿಯುತ್ತದೆ. ಕುಕ್ಕರಿನ ವೆಯ್ಟ್ ಹೊರಗಿನ ಒತ್ತಡದ ಮೇಲೆ ತನ್ನದನ್ನು ಕೂಡಿಸುವುದರಿಂದ ಅಷ್ಟು ಎತ್ತರದಲ್ಲೂ ಒಳಗಿನ ಬಿಸಿ 110 ಡಿಗ್ರಿ ದಾಟುತ್ತದೆ. ಮನೆಯಲ್ಲಿ ಮೂರು ಕೂಗಿಗೆ ಬೇಯುವ ಬೇಳೆಗೆ ಅಲ್ಲಿ ಐದು ಕೊಡಿ, ಅಷ್ಟೇ. ನಾಲ್ವರಿಗೆ ಮೂರು ಲೀಟರಿನ ಕುಕ್ಕರ್ ಸಾಕು. ಭಾರ ಎಂದು ಅದನ್ನು ಮನೆಯಲ್ಲಿ ಬಿಟ್ಟು ಹೊರಟವರನ್ನು ಕಂಡಾಗಲೆಲ್ಲ ತಡೆಯುತ್ತೇನೆ. ಹೋಗಿ ಬರುವಷ್ಟರಲ್ಲಿ ಅದು ಉಳಿಸುವ ಗ್ಯಾಸ್ ಅದರ ತೂಕಕ್ಕಿಂತ ದೊಡ್ಡದು. ಒಂದು ಗ್ಯಾಸ್ಕೆಟ್ ಮಾತ್ರ ಹೆಚ್ಚಿಗೆ ಇಟ್ಟುಕೊಳ್ಳಿ.

5. ಇಂಧನ ದಾರಿಯಲ್ಲಿ ಸಿಗುವಂಥದ್ದಿರಲಿ

ತಿರುಗಿಸಿ ಕೂರಿಸುವ ಡಬ್ಬಿ ದೊಡ್ಡ ಊರು ಬಿಟ್ಟರೆ ಸಿಗುವುದು ಕಷ್ಟ. ಹಲವು ವಾರಗಳ ಕಾರು ಪ್ರಯಾಣಕ್ಕೆ 5 ಕೆಜಿಯ ಸಣ್ಣ ಸಿಲಿಂಡರ್ ಮೇಲು. ಇಂಡಿಯನ್ ಆಯಿಲ್ ‘ಛೋಟು’ ಎಂದು ಮಾರುವ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಎಷ್ಟೋ ಪೆಟ್ರೋಲ್ ಬಂಕುಗಳಲ್ಲೇ ಸಿಗುತ್ತದೆ. ಅದನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ. ಗಾಡಿ ಹೊರಡುವ ಮುನ್ನ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕಾರಿನ ನೆಲದಲ್ಲೇ ಮಡುಗಟ್ಟುತ್ತದೆ. ಹೊಸ ಊರಿನಲ್ಲಿ ಮೊದಲ ಸಲ ಜೋಡಿಸಿದಾಗಲೆಲ್ಲ ಸೋಪಿನ ನೊರೆ ಹಚ್ಚಿ ನೋಡಿ.

6. ರೈಲಿಗೂ ವಿಮಾನಕ್ಕೂ ಯಾವ ಗ್ಯಾಸೂ ಇಲ್ಲ

ಒಲೆಯನ್ನು ಚೊಕ್ಕವಾಗಿ ತೊಳೆದು ಒಯ್ಯಿರಿ, ಗ್ಯಾಸನ್ನು ತಲುಪಿದ ಊರಿನಲ್ಲಿ ಕೊಳ್ಳಿ. 2023ರ ಆಗಸ್ಟ್‌ನಲ್ಲಿ ಮಧುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ಒಳಗೆ ಕದ್ದುಮುಚ್ಚಿ ತಂದ ಸಿಲಿಂಡರ್ ಇತ್ತು.

7. ಕಾರಿನ ಚಾರ್ಜರ್ ನಂಬಿ ಇಂಡಕ್ಷನ್ ತರಬೇಡಿ

ಕಾರಿನ 12 ವೋಲ್ಟಿನ ಸಾಕೆಟ್ ಸಾಮಾನ್ಯವಾಗಿ ಕೊಡುವುದು 120ರಿಂದ 180 ವಾಟ್. ಇಂಡಕ್ಷನ್ ಒಲೆ ಬೇಡುವುದು ಅದರ ಹತ್ತು ಪಟ್ಟು. ಆ ಸಾಕೆಟ್ಟಿನಿಂದ ಒಂದು ಲೀಟರ್ ನೀರು ಕುದಿಸಲು ಅರ್ಧ ಗಂಟೆ ಮೀರುತ್ತದೆ.

8. ಪಾತ್ರೆ ಕಡಿಮೆ, ಇಕ್ಕಳ ಗಟ್ಟಿ

ಟೈಟೇನಿಯಂ ಹಗುರ, ನಿಜ. ಆದರೆ ಉರಿ ಬಿದ್ದ ಜಾಗದಲ್ಲಷ್ಟೇ ಕಾಯುವುದರಿಂದ ಉಪ್ಪಿಟ್ಟು ನಡುವೆ ಸೀದು ಅಂಚಿನಲ್ಲಿ ಹಸಿಯಾಗಿ ಉಳಿಯುತ್ತದೆ. ಬರೀ ಅಲ್ಯುಮಿನಿಯಂ ಹುಣಸೆಹುಳಿಗೆ ಆಗದು. ದಪ್ಪ ತಳದ ಸ್ಟೀಲಿನ ಎರಡು ಪಾತ್ರೆ ಕುಕ್ಕರಿನೊಳಗೆ ಕೂರುವಂತೆ ಆರಿಸಿ. ನಡುವೆ ಬಟ್ಟೆ ತುರುಕಿದರೆ ಹಳ್ಳದ ರಸ್ತೆಯಲ್ಲಿ ಸದ್ದಿಲ್ಲ. ಹಿಡಿ ಇಲ್ಲದ ಪಾತ್ರೆ ಮೇಲು, ಎಲ್ಲಕ್ಕೂ ಒಂದೇ ಇಕ್ಕಳ ಸಾಕು. ಒಗ್ಗರಣೆ ಸೌಟು ಮಾತ್ರ ಬೇರೆ ಇರಲಿ.

9. ಟೆಂಟಿನೊಳಗೆ ಒಲೆ ಹಚ್ಚುವಂತಿಲ್ಲ

ಎಷ್ಟೇ ಮಳೆ ಇರಲಿ, ಎಷ್ಟೇ ಚಳಿ ಇರಲಿ. ಮುಚ್ಚಿದ ಜಾಗದಲ್ಲಿ ಉರಿಯುವ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರು ಏಳುವುದೇ ಇಲ್ಲ. ಕಾರಿನೊಳಗೂ ಇದೇ ಮಾತು. ನಮ್ಮ ಘಟ್ಟದ ಮೀಸಲು ಅರಣ್ಯಗಳಲ್ಲಿ ಬೆಂಕಿ ಹಚ್ಚುವುದೇ ಅಪರಾಧ. ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಅಂಥ ಕಡೆಗೆ ಒಲೆ ಬೇಡದ ಬುತ್ತಿ ಕಟ್ಟಿ: ಹುರಿಹಿಟ್ಟು, ಗೊಜ್ಜವಲಕ್ಕಿ, ಚಟ್ನಿಪುಡಿ ಹಚ್ಚಿದ ಚಪಾತಿ.

10. ಹೊರಡುವ ಮೊದಲು ತಾರಸಿಯ ಮೇಲೆ ಒಂದು ಪೂರ್ತಿ ಅಡುಗೆ

ಸಂಜೆ ಗಾಳಿ ಬೀಸುವ ಹೊತ್ತಿಗೆ ಅಡುಗೆ ಸಾಮಾನಿನ ಪೆಟ್ಟಿಗೆ ಒಯ್ದು, ಕೆಳಗಿಳಿದು ಏನನ್ನೂ ತರದೆ, ಅನ್ನ, ಸಾರು, ಪಲ್ಯ ಮಾಡಿ. ಡಬ್ಬಿಯನ್ನು ಮೊದಲೂ ಆಮೇಲೂ ತೂಗಿ, ಒಂದು ಹೊತ್ತಿಗೆ ಎಷ್ಟು ಗ್ಯಾಸ್ ಬೇಕೆಂಬ ಲೆಕ್ಕ ಸಿಗುತ್ತದೆ. ಲೀಟರ್ ನೀರು ಕುದಿಯಲು ಗಾಳಿಮರೆಯಲ್ಲಿ ಹದಿನೈದು ಗ್ರಾಂ ಹಿಡಿಯಿರಿ. ಪಾತ್ರೆಗಳನ್ನೂ ಅಲ್ಲೇ ತೊಳೆಯಿರಿ, ಎರಡೇ ಲೀಟರ್ ನೀರಿನಲ್ಲಿ. ಮೊದಲು ಕಾಗದದಿಂದ ಎಣ್ಣೆ ಒರೆಸಿ, ಆಮೇಲೆ ನೀರು ಮುಟ್ಟಿಸಿದರೆ ಅಷ್ಟು ಸಾಕಾಗುತ್ತದೆ.