ಮೊದಲ ಸ್ಥಾನ ಯಾರಿಗೆ? ಹೈಡೆಲ್‌ಬರ್ಗಿನ ಹಳೆಯ ಪುಸ್ತಕವೊಂದರ ಪಾಠ



ಊರಿನಿಂದ ನೆಂಟರು ಬಂದರೆ ನಾವೆಲ್ಲ ಹೈಡೆಲ್‌ಬರ್ಗಿನ ಕೋಟೆ, ಹಳೆಯ ಸೇತುವೆ, ನೆಕರ್ ನದಿ ತೋರಿಸುತ್ತೇವೆ. ಆದರೆ ಪ್ರಪಂಚದ ಅನೇಕ ಕ್ರೈಸ್ತರಿಗೆ ಈ ಊರಿನ ಹೆಸರು ಗೊತ್ತಿರುವುದು ಒಂದು ಚಿಕ್ಕ ಪುಸ್ತಕದಿಂದ. ಅದು 'ಹೈಡೆಲ್‌ಬರ್ಗ್ ಕ್ಯಾಟೆಕಿಸಂ', ಅಂದರೆ ಪ್ರಶ್ನೋತ್ತರ ರೂಪದ ಧರ್ಮಬೋಧೆ. ನಮ್ಮ ಬಳಗದಲ್ಲಿ ಬೇರೆ ಬೇರೆ ನಂಬಿಕೆಯ ಕುಟುಂಬಗಳಿವೆ. ನಾನು ಸಿ.ಎಸ್.ಐ. ಸಭೆಯಲ್ಲಿ ಬೆಳೆದವನಾದ್ದರಿಂದ ಆ ಭಾಷೆಯಲ್ಲೇ ಬರೆಯುತ್ತಿದ್ದೇನೆ. ತನ್ನನ್ನು ತಾನೇ ನೋಡಿಕೊಳ್ಳುವ ಮಾತು ವಚನ, ಕೀರ್ತನೆ ಕೇಳಿ ಬೆಳೆದ ಯಾವ ಕನ್ನಡಿಗರಿಗೂ ಹೊಸದಲ್ಲ.

ಈ ಪುಸ್ತಕ ಪ್ರಕಟವಾದದ್ದು 1563ರಲ್ಲಿ. ಇಲ್ಲಿ ಆಳುತ್ತಿದ್ದ ಮೂರನೆಯ ಫ್ರೆಡ್ರಿಕ್ ತನ್ನ ಸೀಮೆಯ ಶಾಲೆಗಳಿಗೂ ಚರ್ಚುಗಳಿಗೂ ಇದನ್ನು ಬರೆಸಿದ. ಬರೆದವರಲ್ಲಿ ಮುಖ್ಯನಾದ ಜಖರಿಯಾಸ್ ಉರ್ಸಿನಸ್‌ಗೆ ಆಗ 28 ವರ್ಷ. ಒಟ್ಟು 129 ಪ್ರಶ್ನೆಗಳು, ವರ್ಷದ 52 ಭಾನುವಾರಗಳಿಗೆ ಹಂಚಿವೆ. ಮೊದಲ ಎರಡು ಪೀಠಿಕೆ. ಆಮೇಲೆ ಮೂರು ಭಾಗಗಳು: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ.

ಇಲ್ಲಿ ಒಂದು ಲೆಕ್ಕ ಗಮನಿಸಿ. ದುರವಸ್ಥೆಗೆ ಬರೀ 9 ಪ್ರಶ್ನೆಗಳು, ಕೃತಜ್ಞತೆಗೆ 44! ಹತ್ತು ಆಜ್ಞೆಗಳೂ ಕರ್ತನ ಪ್ರಾರ್ಥನೆಯೂ ಬರುವುದು ಕೃತಜ್ಞತೆಯ ಭಾಗದಲ್ಲಿ. ಹಾಗಾದರೆ ಆತ್ಮಪರೀಕ್ಷೆ ಎಂದರೆ ಪಾಪಗಳ ಪಟ್ಟಿ ಹಿಡಿದು ಕೊರಗುತ್ತಾ ಕೂರುವುದಲ್ಲ. ಇಷ್ಟೆಲ್ಲ ಪಡೆದ ನಾನು ಇನ್ನು ಹೇಗೆ ಬದುಕಬೇಕು ಎಂದು ಕೇಳಿಕೊಳ್ಳುವುದು. ದೇವರಿಗೆ ಮೊದಲ ಸ್ಥಾನ ಕೊಡುವುದು ಹೆದರಿಕೆಯಿಂದಲ್ಲ, ಕೃತಜ್ಞತೆಯಿಂದ.

ಮೊದಲನೆಯ ಪ್ರಶ್ನೆ ಬದುಕಿನಲ್ಲಿಯೂ ಸಾವಿನಲ್ಲಿಯೂ ನಮಗಿರುವ ಸಮಾಧಾನ ಯಾವುದು ಎಂಬುದು. ಉತ್ತರದ ಸಾರ ಇಷ್ಟೇ: ನಾನು ನನ್ನ ಸ್ವತ್ತಲ್ಲ, ಕ್ರಿಸ್ತನಿಗೆ ಸೇರಿದವನು. ಪರದೇಶದಲ್ಲಿರುವ ನಮಗೆ ಇದು ಬರೀ ಬಾಯಿಪಾಠವಲ್ಲ. ನಮ್ಮಲ್ಲಿ ಬಹಳ ಜನರ ವೀಸಾ ಕೆಲಸಕ್ಕೆ ಗಂಟು ಬಿದ್ದಿರುತ್ತದೆ. ನನ್ನ ವಿಭಾಗದಲ್ಲಿ ಜನರನ್ನು ಕಡಿಮೆ ಮಾಡುತ್ತಾರೆಂಬ ಸುದ್ದಿ ಬಂದ ಚಳಿಗಾಲದಲ್ಲಿ ನನ್ನ ಹೆಂಡತಿ ಹೇಳಿದ ಮಾತು ನೆನಪಿದೆ: "ಕೆಲಸ ಹೋದರೆ ಊಟ ಹೇಗೋ ಆಗ್ತದೆ. ಕೆಲಸವೇ ನೀವಲ್ಲ, ಅಷ್ಟು ನೆನಪಿಟ್ಟುಕೊಳ್ಳಿ." ಆ ಮೊದಲನೆಯ ಪ್ರಶ್ನೆ ಕೇಳುವುದೂ ಇದನ್ನೇ. ನೀನು ಯಾರಿಗೆ ಸೇರಿದವನು? ಕಂಪನಿಗೋ, ಪಾಸ್‌ಪೋರ್ಟಿಗೋ, ದೇವರಿಗೋ?

95ನೆಯ ಪ್ರಶ್ನೆ ವಿಗ್ರಹಾರಾಧನೆಯ ಬಗ್ಗೆ. ಉತ್ತರ ಬೆರಳು ತೋರಿಸುವುದು ನಮ್ಮ ಭರವಸೆಯ ಕಡೆಗೆ: ದೇವರ ಬದಲಿಗೆ, ಅಥವಾ ದೇವರ ಪಕ್ಕದಲ್ಲೇ, ಇನ್ನು ಯಾವುದನ್ನು ನಂಬಿ ನಿಂತಿದ್ದೇವೆ? ಅದು ಬ್ಯಾಂಕಿನ ಉಳಿತಾಯವಿರಬಹುದು, ನಾಲ್ಕನೆಯ ತರಗತಿ ಮುಗಿದ ಮಗುವಿಗೆ ಸಿಗಬೇಕಾದ ಗಿಮ್ನಾಸಿಯಮ್ ಇರಬಹುದು. ಒಂದು ಭಾನುವಾರವೂ ಆರಾಧನೆ ತಪ್ಪಿಸದವರಿಗೂ ಈ ಪ್ರಶ್ನೆ ಇದ್ದೇ ಇದೆ.

ಪ್ರಶ್ನೆಯನ್ನು ನಮ್ಮ ಕಡೆ ಬಿಟ್ಟು ಪಕ್ಕದವರ ಕಡೆ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೂ ಈ ಪುಸ್ತಕವೇ ಸಾಕ್ಷಿ. 80ನೆಯ ಪ್ರಶ್ನೆ ಕಥೋಲಿಕರ ಬಲಿಪೂಜೆಯನ್ನು ಕಟುವಾಗಿ ಖಂಡಿಸುತ್ತದೆ. ಮೊದಲ ಮುದ್ರಣದಲ್ಲಿ ಅದು ಇರಲಿಲ್ಲ, ಅದೇ ವರ್ಷದ ಮುಂದಿನ ಮುದ್ರಣದಲ್ಲಿ ಸೇರಿತು. ಮಾರುಕಟ್ಟೆ ಚೌಕದ ಪವಿತ್ರಾತ್ಮ ದೇವಾಲಯದೊಳಗೆ 1706ರಲ್ಲಿ ಗೋಡೆ ಎದ್ದು, ಒಂದು ಕಡೆ ಕಥೋಲಿಕರು, ಇನ್ನೊಂದು ಕಡೆ ಪ್ರೊಟೆಸ್ಟೆಂಟರು ಆರಾಧಿಸುತ್ತಿದ್ದರು. 1719ರಲ್ಲಿ ಕಥೋಲಿಕ ಅರಸ ಕಾರ್ಲ್ ಫಿಲಿಪ್ ಇಡೀ ದೇವಾಲಯವನ್ನೇ ಕೇಳಿದ, 80ನೆಯ ಪ್ರಶ್ನೆಗಾಗಿ ಈ ಪುಸ್ತಕವನ್ನು ನಿಷೇಧಿಸಿದ. ಜಗಳ ಬಗೆಹರಿಯದೆ 1720ರಲ್ಲಿ ಅವನು ರಾಜಧಾನಿಯನ್ನೇ ಮ್ಯಾನ್‌ಹೈಮಿಗೆ ಒಯ್ದ. ಗೋಡೆ ಕೊನೆಗೆ ಹೋದದ್ದು 1936ರಲ್ಲಿ. ಸ್ವಂತ ಕಣ್ಣಿನ ತೊಲೆ ಬಿಟ್ಟು ಇನ್ನೊಬ್ಬರ ಕಣ್ಣಿನ ರವೆ ಹುಡುಕಬೇಡಿ ಎಂದು ಯೇಸು ಹೇಳಿದ್ದು ಇದಕ್ಕೇ ಅಲ್ಲವೇ?

ನಮ್ಮ ನಾಡಿಗೂ ಈ ಸೀಮೆಗೂ ನಂಟಿದೆ. 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿಂದ ಆಗ್ನೇಯಕ್ಕಿರುವ ಬ್ರಾಕನ್‌ಹೈಮಿನಲ್ಲಿ. ಆ ಮಿಷನ್ನಿನವರು ಬೆಳೆದ ಪಿಯೆಟಿಸ್ಟ್ ಪದ್ಧತಿಯಲ್ಲಿ ದಿನವೂ ಬೈಬಲ್ ಓದಿ ಹೃದಯವನ್ನು ಪರೀಕ್ಷಿಸಿಕೊಳ್ಳುವುದು ವಾಡಿಕೆ. ನಾವೂ ಮನೆಯಲ್ಲಿ ಹೀಗೆ ಮಾಡಬಹುದು:

1. ಬೆಳಿಗ್ಗೆ: ಮೊಬೈಲ್ ಮುಟ್ಟುವ ಮೊದಲು ಐದು ನಿಮಿಷ ಪ್ರಾರ್ಥನೆ. ಮೊದಲು ದೇವರ ರಾಜ್ಯವನ್ನು ಹುಡುಕಿರಿ ಎಂಬ ಮತ್ತಾಯ 6ನೆಯ ಅಧ್ಯಾಯದ ಮಾತು ಶುರುವಾಗುವುದು ಇಲ್ಲಿಂದಲೇ.

2. ಕೆಲಸದಲ್ಲಿ: 110ನೆಯ ಪ್ರಶ್ನೆಯ ಪ್ರಕಾರ ಸುಳ್ಳು ತೂಕ, ಸುಳ್ಳು ಅಳತೆಯೂ ಕಳ್ಳತನವೇ. ಇಂದು ಅದು ಮಾಡದ ಗಂಟೆಗಳನ್ನು ಬರೆಯುವುದು, ತೆರಿಗೆ ಲೆಕ್ಕದಲ್ಲಿ ಆಫೀಸಿನ ದೂರವನ್ನು ಹೆಚ್ಚಿಸಿ ತೋರಿಸುವುದು.

3. ಮಾತಿನಲ್ಲಿ: 112ನೆಯ ಪ್ರಶ್ನೆ ಯಾರನ್ನೂ ಅವರ ಮಾತು ಕೇಳದೆ ಖಂಡಿಸಬೇಡ ಎನ್ನುತ್ತದೆ. ನಮ್ಮ ಹಬ್ಬದ ಊಟದ ಪಂಕ್ತಿಯಲ್ಲಿ ಇದು ಬಹಳ ಕಷ್ಟ!

4. ವಾರವಿಡೀ: 103ನೆಯ ಪ್ರಶ್ನೆ ಭಾನುವಾರ ಸಭೆ ಸೇರುವುದರ ಜೊತೆಗೆ ಬಡವರಿಗೆ ನೆರವಾಗುವುದನ್ನೂ, ಬದುಕಿನ ಎಲ್ಲ ದಿನವೂ ಕೆಟ್ಟ ಕೆಲಸಕ್ಕೆ ರಜೆ ಕೊಡುವುದನ್ನೂ ಹೇಳುತ್ತದೆ.

5. ರಾತ್ರಿ: ಮಕ್ಕಳೊಡನೆ ಮೊದಲು ಒಂದು ಕೃತಜ್ಞತೆ, ಆಮೇಲೆ ಒಂದು ಕ್ಷಮಾಪಣೆ. ಕೀರ್ತನೆ 139 ಕೊನೆಯಾಗುವುದು ದೇವರೇ ನನ್ನನ್ನು ಪರೀಕ್ಷಿಸಲಿ ಎಂಬ ಬೇಡಿಕೆಯಿಂದ. ತೀರ್ಪು ಆತನಿಗೆ ಬಿಟ್ಟದ್ದು.

ಈ ಭಾನುವಾರ ಊಟದ ಹೊತ್ತಿಗೆ ಮನೆಮಂದಿಯೆಲ್ಲ ಒಂದು ಪ್ರಶ್ನೆ ಮಾತಾಡಿ ನೋಡಿ: ಈ ವಾರ ಯಾವುದನ್ನು ಕಳೆದುಕೊಳ್ಳುತ್ತೇನೆಂದು ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು? ನಮ್ಮ ಮನಸ್ಸಿನಲ್ಲಿ ಮೊದಲ ಸ್ಥಾನ ಯಾವುದಕ್ಕಿದೆ ಎಂಬುದು ಆ ಉತ್ತರದಿಂದಲೇ ತಿಳಿಯುತ್ತದೆ.

ದೇವರು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.